ಕಣ್ಣಳತೆಯ ಇಳಿತ



ವಿಷಯ ತಾಂತ್ರಿಕವಾಗಿರಲಿ, ಆದರೆ ಸಭಿಕರು ತೂಕಡಿಸದಂತಿರಲಿ ಎಂದು ಸಂಘಟಕರು ನನಗೆ ಮೊದಲೇ ಷರತ್ತು ಹಾಕಿದ್ದಾರೆ. ಅದಕ್ಕೆ ನಮ್ಮೆಲ್ಲರ ಪ್ರಾಣಕ್ಕೆ ಹತ್ತಿರವಾದ ಒಂದು ಪ್ರಶ್ನೆ ತಂದಿದ್ದೇನೆ. ಹವೆ ತಿಳಿಯಾಗಿರುವ ದಿನ ವಿಮಾನ ನಿಲ್ದಾಣದವರು ಪೈಲಟ್‌ಗೆ ‘ರನ್‌ವೇ ಕಾಣ್ತಿದೆಯಲ್ಲ, ನೋಡಿಕೊಂಡು ಇಳಿಯಿರಿ’ ಎನ್ನುತ್ತಾರೆ. ಇದಕ್ಕೆ ವಿಷುವಲ್ ಅಪ್ರೋಚ್ ಎಂದು ಹೆಸರು. ಇನ್ನೂರು ಮುನ್ನೂರು ಜನರನ್ನು ಹೊತ್ತ ಜೆಟ್ ವಿಮಾನದ ಪೈಲಟ್‌ಗೆ ಹಾಗೆ ಹೇಳುವುದು ನ್ಯಾಯವೇ?

ನಾನು ಪೈಲಟ್ ಅಲ್ಲ. ಎಂಜಿನಿಯರಿಂಗ್ ಪಾಠ ಹೇಳಿದವನು. ಬೆಂಗಳೂರಿನ ಹಳೆಯ ಎಚ್ಎಎಲ್ ವಿಮಾನ ನಿಲ್ದಾಣದ ದಾರಿಯಡಿಯಲ್ಲಿ ಬಹಳ ವರ್ಷ ಸಂಸಾರ ಮಾಡಿದವನು. ಮನೆ ಮೇಲೆ ವಿಮಾನ ಹೋಗುವಾಗ ಫೋನಿನಲ್ಲಿ ‘ಒಂದು ನಿಮಿಷ’ ಎಂದು ಮಾತು ನಿಲ್ಲಿಸುವುದು ನಮ್ಮ ಬಡಾವಣೆಯ ರೂಢಿಯಾಗಿತ್ತು. ಆ ಅರ್ಹತೆಯ ಮೇಲೆ ಮಾತನಾಡುತ್ತೇನೆ. ಕಣ್ಣಳತೆಯಲ್ಲಿ ಇಳಿಯುವುದು ಅಂದರೇನು ಎಂಬುದನ್ನು ಮೊದಲು ನೋಡೋಣ. ಆಮೇಲೆ ಇಪ್ಪತ್ಮೂರು ವರ್ಷ ಅಂತರದ ಎರಡು ಅಪಘಾತಗಳು, ಅವುಗಳಲ್ಲಿ ಒಂದು ನಮ್ಮ ಊರಿನದೇ. ಮೂರನೆಯದಾಗಿ ‘ಕಾಣ್ತಿದೆ’ ಎಂಬ ಒಂದೇ ಮಾತಿನಿಂದ ಹೊಣೆ ಹೇಗೆ ಕೈ ಬದಲಾಯಿಸುತ್ತದೆ ಎಂಬುದು. ಕೊನೆಗೆ, ಏನು ಮಾಡಬಹುದು ಎಂಬುದರ ಬಗ್ಗೆ ನನ್ನ ನಾಲ್ಕು ಮಾತು.

ಇಳಿಯುವ ವಿಮಾನಕ್ಕೆ ಸಾಮಾನ್ಯವಾಗಿ ಐಎಲ್ಎಸ್ ಎಂಬ ವ್ಯವಸ್ಥೆಯ ಆಸರೆ ಇರುತ್ತದೆ. ನೆಲದಿಂದ ಎರಡು ರೇಡಿಯೊ ಕಿರಣಗಳು ಹೊರಡುತ್ತವೆ. ಒಂದು ಎಡಬಲ ಹೇಳುತ್ತದೆ, ಇನ್ನೊಂದು ಮೇಲುಕೆಳಗು ಹೇಳುತ್ತದೆ. ಎರಡನೆಯದರ ಹೆಸರು ಗ್ಲೈಡ್ ಸ್ಲೋಪ್, ಅದರ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಇದರಿಂದ ಪೈಲಟ್‌ಗಳ ಬಾಯಿಲೆಕ್ಕ ಹುಟ್ಟಿದೆ: ರನ್‌ವೇ ಎಷ್ಟು ನಾಟಿಕಲ್ ಮೈಲಿ ದೂರವಿದೆಯೋ ಅದನ್ನು 300ರಿಂದ ಗುಣಿಸಿದರೆ ಇರಬೇಕಾದ ಎತ್ತರ ಅಡಿಗಳಲ್ಲಿ ಸಿಗುತ್ತದೆ. ಹತ್ತು ಮೈಲಿ ಇದ್ದರೆ ಮೂರು ಸಾವಿರ ಅಡಿ.

ವಿಷುವಲ್ ಅಪ್ರೋಚ್‌ನಲ್ಲಿ ಈ ಕಿರಣ ಇರಲೇಬೇಕೆಂದಿಲ್ಲ. ಅಮೆರಿಕದ ನಿಯಮದಂತೆ ಮೋಡದ ಅಡಿಮಟ್ಟ ಕನಿಷ್ಠ 1,000 ಅಡಿ, ಗೋಚರತೆ ಕನಿಷ್ಠ 3 ಮೈಲಿ ಇರಬೇಕು, ಮತ್ತು ಪೈಲಟ್‌ಗೆ ವಿಮಾನ ನಿಲ್ದಾಣವಾಗಲಿ ಮುಂದೆ ಹೋಗುತ್ತಿರುವ ವಿಮಾನವಾಗಲಿ ಕಣ್ಣಿಗೆ ಕಾಣಬೇಕು. ಕಂಡರೆ ಅವನೇ ತಿರುವು ತೆಗೆದು, ಅವನೇ ಎತ್ತರ ಅಳೆದು, ಅವನೇ ವೇಗ ಇಳಿಸಿ ಬರುತ್ತಾನೆ. ರನ್‌ವೇ ಬದಿಯಲ್ಲಿ ನಾಲ್ಕು ದೀಪಗಳ ಒಂದು ಸಾಲು ಇರುತ್ತದೆ, ಅದಕ್ಕೆ ಪಾಪಿ ಎನ್ನುತ್ತಾರೆ. (ನಮ್ಮ ಕನ್ನಡದ ಪಾಪಿಗೂ ಅದಕ್ಕೂ ಸಂಬಂಧವಿಲ್ಲ, ಪಾಪ ಪರಿಹಾರಕ್ಕೇ ಇರುವ ದೀಪ ಅದು.) ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಬಿಳಿಯಾದರೆ ತೀರ ಮೇಲಿದ್ದೀರಿ, ನಾಲ್ಕೂ ಕೆಂಪಾದರೆ ತೀರ ಕೆಳಗಿದ್ದೀರಿ.

ಕೇಳಿದರೆ ಸುಲಭ. ಆದರೆ ಕಣ್ಣು ನಂಬಿಕಸ್ಥ ಸಾಕ್ಷಿಯಲ್ಲ. ಅಭ್ಯಾಸವಾದ ರನ್‌ವೇಗಿಂತ ಕಿರಿದಾದದ್ದು ಎದುರಾದರೆ ನಾವು ಇನ್ನೂ ಮೇಲಿದ್ದೇವೆ ಎಂಬ ಭ್ರಮೆ ಹುಟ್ಟುತ್ತದೆ, ಕೈ ತಾನಾಗಿ ವಿಮಾನವನ್ನು ಕೆಳಗಿಳಿಸುತ್ತದೆ. ಏರುಮುಖದ ರನ್‌ವೇ ಕೂಡ ಹಾಗೇ ಮೋಸ ಮಾಡುತ್ತದೆ. ರಾತ್ರಿ ಹೊತ್ತು, ಕೆಳಗೆ ಸಮುದ್ರವೋ ಕಾಡೋ ಇದ್ದು ದೂರದಲ್ಲಿ ರನ್‌ವೇ ದೀಪ ಮಾತ್ರ ಹೊಳೆಯುತ್ತಿದ್ದರೆ ಇನ್ನೂ ಕಷ್ಟ. ಬೋಯಿಂಗ್ ಕಂಪನಿಯಲ್ಲಿದ್ದ ಮನಶ್ಶಾಸ್ತ್ರಜ್ಞ ಕಾನ್ರಾಡ್ ಕ್ರಾಫ್ಟ್ 1960ರ ದಶಕದಲ್ಲೇ ಇದನ್ನು ಸಿಮ್ಯುಲೇಟರ್‌ನಲ್ಲಿ ತೋರಿಸಿದ್ದರು. ಅನುಭವಿ ಪೈಲಟ್‌ಗಳೂ ತಾವು ಸರಿಯಾದ ಎತ್ತರದಲ್ಲಿದ್ದೇವೆ ಎಂದುಕೊಂಡೇ ಕೆಳಗಿಳಿಯುತ್ತಿದ್ದರು.

ಒಮ್ಮೆ ಪರಿಚಿತರೊಬ್ಬರ ಕೃಪೆಯಿಂದ ನಾನೂ ಸಿಮ್ಯುಲೇಟರ್‌ನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮುಂದೆ ಒಬ್ಬ ಯುವ ಪೈಲಟ್. ಬೋಧಕರು ಸದ್ದಿಲ್ಲದೆ ಗ್ಲೈಡ್ ಸ್ಲೋಪ್ ತೆಗೆದುಹಾಕಿ ‘ನೋಡಿಕೊಂಡು ಇಳಿ’ ಎಂದರು. ಪರದೆಯ ಮೇಲೆ ಬೆಳ್ಳಂಬೆಳಗು, ರನ್‌ವೇ ಅಂಗೈಯಷ್ಟು ಸ್ಪಷ್ಟ. ನಾಲ್ಕೂ ದೀಪ ಬಿಳಿ. ಹುಡುಗ ಥ್ರಾಟಲ್ ಹಿಂದಕ್ಕೆಳೆದು ಮೂತಿ ಬಗ್ಗಿಸಿದ. ಒಂದು ದೀಪ ಕೆಂಪಾಯಿತು, ಆಮೇಲೆ ಎರಡು. ಅವನ ಮುಖದಲ್ಲಿ ಸಮಾಧಾನ. ಕಣ್ಣು ಹೊರಗೇ ನೆಟ್ಟಿತ್ತು. ಒಳಗೆ ವೇಗದ ಪಟ್ಟಿ ಮೆಲ್ಲಗೆ ಜಾರುತ್ತಿತ್ತು. ಹಿಂದೆ ಕೂತ ನನಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಮೂರನೆಯ ದೀಪ ಕೆಂಪಾಗುವ ಹೊತ್ತಿಗೆ ಬೋಧಕರು ‘ಸ್ಪೀಡ್’ ಎಂದರು. ಆಚೆ ಬಂದ ಮೇಲೆ ಕಾಫಿ ಕುಡಿಯುತ್ತ ಹುಡುಗ ಹೇಳಿದ: ‘ಸರ್, ಆಟೊಥ್ರಾಟಲ್ ಇಲ್ಲದೆ ಇಳಿಸಿ ತಿಂಗಳುಗಳೇ ಆಗಿದ್ದವು.’

ಆಟೊಥ್ರಾಟಲ್ ಎಂದರೆ ವೇಗ ಕಾಯಲು ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಯಂತ್ರ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯ ಭಾಗಕ್ಕೆ ಬರೋಣ.

1990ರ ಫೆಬ್ರುವರಿ 14. ಬೊಂಬಾಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ 605, ಹೊಚ್ಚಹೊಸ ಏರ್‌ಬಸ್ ಎ320, ನಡುಮಧ್ಯಾಹ್ನ ಬೆಂಗಳೂರಿಗೆ ಬರುತ್ತಿತ್ತು. ಹವೆ ಚೆನ್ನಾಗಿತ್ತು. ಎಡಗಡೆ ಕೂತು ಹಾರಿಸುತ್ತಿದ್ದ ಕ್ಯಾಪ್ಟನ್ ಆ ಮಾದರಿಯ ವಿಮಾನದಲ್ಲಿ ನಾಯಕತ್ವದ ಪರೀಕ್ಷೆ ಎದುರಿಸುತ್ತಿದ್ದರು, ಬಲಗಡೆಯವರು ಪರೀಕ್ಷಕರು. ಬಂದದ್ದು ದಿಕ್ಕು, ದೂರ ಮಾತ್ರ ಹೇಳುವ ವಿಒಆರ್-ಡಿಎಂಇ ಆಧಾರದ ಮೇಲೆ, ಅದರಲ್ಲಿ ಇಳಿಜಾರಿನ ಕಿರಣ ಇರುವುದಿಲ್ಲ. ರನ್‌ವೇ ಕಂಡಿತು, ವಿಷುವಲ್ ಅಪ್ರೋಚ್‌ಗೆ ಅನುಮತಿ ಸಿಕ್ಕಿತು.

ಮುಂದೆ ನಡೆದದ್ದರಲ್ಲಿ ಬಿರುಗಾಳಿಯಿಲ್ಲ, ಎಂಜಿನ್ ಕೆಟ್ಟದ್ದಿಲ್ಲ. ವಿಮಾನದ ಯಂತ್ರಬುದ್ಧಿ ‘ಐಡಲ್ ಓಪನ್ ಡಿಸೆಂಟ್’ ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಂಡಿತ್ತು. ಎಂದರೆ ಎಂಜಿನ್‌ಗಳು ಬರೀ ಉಸಿರಾಡುತ್ತಿವೆ, ವೇಗ ಕಾಯುವವರು ಯಾರೂ ಇಲ್ಲ. ಇಳಿತದ ದರ ಹಾಕುವ ಬದಲು ಪಕ್ಕದ ಎತ್ತರದ ಗುಂಡಿ ತಿರುಗಿಸಿರಬಹುದು ಎಂಬ ಸಾಧ್ಯತೆ ನಂತರದ ತನಿಖೆಯಲ್ಲಿ ಬಲವಾಗಿ ಕಂಡಿತು. ಮೂತಿ ಎತ್ತ ತಿರುಗಿಸಬೇಕೆಂದು ಪರದೆಯ ಮೇಲೆ ತೋರಿಸುವ ಫ್ಲೈಟ್ ಡೈರೆಕ್ಟರ್‌ಗಳು ಇಬ್ಬರ ಮುಂದೆಯೂ ಆರಿದ್ದರೆ ಆಟೊಥ್ರಸ್ಟ್ ತಾನಾಗಿ ಎಚ್ಚೆತ್ತು ವೇಗ ಹಿಡಿಯುತ್ತಿತ್ತು. ಒಂದು ಆರಿತ್ತು, ಇನ್ನೊಂದು ಉಳಿದಿತ್ತು. ಅದರ ಬಗ್ಗೆಯೇ ಇಬ್ಬರೂ ಮಾತಾಡುತ್ತಿದ್ದ ಆ ಕೆಲವು ಸೆಕೆಂಡುಗಳಲ್ಲಿ ವೇಗ ಕುಸಿಯಿತು. ಯಂತ್ರ 400, 300, 200 ಅಡಿ ಎಂದು ಕೂಗಿ ಹೇಳಿತು. ಥ್ರಾಟಲ್ ಮುಂದಕ್ಕೆ ಹೋಗುವ ಹೊತ್ತಿಗೆ ತಡವಾಗಿತ್ತು. ಜೆಟ್ ಎಂಜಿನ್ ಉಸಿರಾಟದಿಂದ ಪೂರ್ಣ ಶಕ್ತಿಗೆ ಏರಲು ಏಳೆಂಟು ಸೆಕೆಂಡು ಬೇಕು. ವಿಮಾನ ರನ್‌ವೇ ಮುಟ್ಟದೆ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಏರಿಗೆ ಅಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ನಡೆಸಿದ ವಿಚಾರಣೆ ಪೈಲಟ್‌ಗಳು ಸಕಾಲದಲ್ಲಿ ಥ್ರಾಟಲ್ ಮುಂದೂಡದೆ ಹೋದದ್ದನ್ನೇ ಮುಖ್ಯ ಕಾರಣವೆಂದು ಕಂಡಿತು.

ಈಗ 2013ರ ಜುಲೈ 6, ಸಾನ್ ಫ್ರಾನ್ಸಿಸ್ಕೊ. ಸೋಲ್ ಪಕ್ಕದ ಇಂಚನ್‌ನಿಂದ ಹತ್ತು ಗಂಟೆಗೂ ಮೀರಿ ಹಾರಿಬಂದ ಏಷಿಯಾನಾ 214, ಬೋಯಿಂಗ್ 777, ಒಳಗೆ 307 ಜನ. ರನ್‌ವೇ ಬಳಿಯ ಕಾಮಗಾರಿಯಿಂದಾಗಿ ಗ್ಲೈಡ್ ಸ್ಲೋಪ್ ಬಂದ್ ಆಗಿತ್ತು. ಬಿಸಿಲು, ತಿಳಿ ಆಕಾಶ, ವಿಷುವಲ್ ಅಪ್ರೋಚ್. ಹಾರಿಸುತ್ತಿದ್ದವರಿಗೆ ಒಟ್ಟು ಸುಮಾರು ಹತ್ತು ಸಾವಿರ ಗಂಟೆಗಳ ಅನುಭವವಿತ್ತು, ಆದರೆ 777ರಲ್ಲಿ ತೀರ ಕಡಿಮೆ. ಪಕ್ಕದಲ್ಲಿದ್ದ ಬೋಧಕರಿಗೆ ಬೋಧಕರಾಗಿ ಅದೇ ಮೊದಲ ಹಾರಾಟ. ನಿಯಂತ್ರಕರು ರನ್‌ವೇಗೆ 5 ಮೈಲಿ ಇರುವವರೆಗೂ 180 ನಾಟ್ ವೇಗ ಉಳಿಸಿಕೊಳ್ಳಿ ಎಂದಿದ್ದರು. ವಿಮಾನ ಮೇಲುಳಿಯಿತು. ಬೇಗ ಇಳಿಸಲು ಒಂದು ಗುಂಡಿ ಒತ್ತಿದರು, ಥ್ರಾಟಲ್ ಕೈಯಿಂದ ಹಿಂದಕ್ಕೆಳೆದರು. ಆ ಜೋಡಣೆಯಲ್ಲಿ ಆಟೊಥ್ರಾಟಲ್ ‘ಹೋಲ್ಡ್’ ಸ್ಥಿತಿಗೆ ಹೋಗಿ ಮಲಗುತ್ತದೆ. ಅದು ಎಚ್ಚರವಿದೆ ಎಂದೇ ಅವರು ನಂಬಿದ್ದರು. ಇಲ್ಲೂ ಒಂದು ಫ್ಲೈಟ್ ಡೈರೆಕ್ಟರ್ ಆರಿತ್ತು, ಇನ್ನೊಂದು ಉಳಿದಿತ್ತು. 137 ನಾಟ್ ಇರಬೇಕಾದ ವೇಗ 103ರ ಸುಮಾರಿಗೆ ಬಿದ್ದು, ಬಾಲ ಕಡಲಗೋಡೆಗೆ ಬಡಿಯಿತು. ಮೂವರು ಸತ್ತರು.

ಇಪ್ಪತ್ಮೂರು ವರ್ಷಗಳ ಅಂತರದಲ್ಲಿ ಎರಡು ಬೇರೆ ಕಂಪನಿಗಳ ವಿಮಾನ, ಎರಡು ಬೇರೆ ಖಂಡ, ಅದೇ ಕಥೆ. ಬೆಂಗಳೂರಿನ ವರದಿಯ ಹೆಸರುಗಳನ್ನು ಅಳಿಸಿ ಕೊಟ್ಟರೆ ಅರ್ಧ ಪುಟದವರೆಗೆ ಯಾವ ಅಪಘಾತ ಎಂದು ಗುರುತಿಸಲಾರೆವು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಪೈಲಟ್‌ಗಳ ತಪ್ಪನ್ನು ಹೇಳಿದ ಜತೆಗೇ, ಆ ಸ್ವಯಂಚಾಲಿತ ವ್ಯವಸ್ಥೆಯ ಗೋಜಲನ್ನು ತಯಾರಕರ ಕೈಪಿಡಿಯೂ ಏರ್‌ಲೈನಿನ ತರಬೇತಿಯೂ ಸರಿಯಾಗಿ ವಿವರಿಸಿರಲಿಲ್ಲ ಎಂದಿತು. ಕೈಯಿಂದ ಹಾರಿಸುವ ಅವಕಾಶ ಹೆಚ್ಚಿಸಿ ಎಂದು ಏರ್‌ಲೈನಿಗೆ ಸಲಹೆ ಮಾಡಿತು.

ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಗ್ಲೈಡ್ ಸ್ಲೋಪ್ ಇಲ್ಲದೆ ಇಳಿಸುವುದರ ಬಗ್ಗೆ ತನಗೆ ಮೊದಲೇ ಆತಂಕವಿತ್ತು ಎಂದು ಏಷಿಯಾನಾ ವಿಮಾನ ಹಾರಿಸುತ್ತಿದ್ದ ಪೈಲಟ್ ಹೇಳಿದರು. ಹಾಗಾದರೆ ಆಗುವುದಿಲ್ಲ ಎಂದು ಯಾಕೆ ಹೇಳಲಿಲ್ಲ? ಉಳಿದ ವಿಮಾನಗಳೆಲ್ಲ ಹಾಗೇ ಇಳಿಯುತ್ತಿದ್ದವು, ನಾನೊಬ್ಬ ಆಗದು ಎನ್ನುವುದು ಹೇಗೆ ಎಂಬುದು ಅವರ ಉತ್ತರದ ಸಾರ. ಇದನ್ನು ಕೊರಿಯಾದ ಸಂಸ್ಕೃತಿಯ ತಲೆಗೆ ಕಟ್ಟಿದವರು ಅನೇಕರು. ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರೂ ಹಾಕಿಸಿಕೊಳ್ಳುವಾಗ ಬೇಡವೆನ್ನಲಾಗದೆ ತಿಂದು ನರಳಿದ ನಮಗೆ, ಅದು ಬರೀ ಕೊರಿಯಾದ ಗುಣವಲ್ಲ ಎಂದು ಗೊತ್ತು.

ಇನ್ನು ಮೂರನೆಯ ವಿಷಯ, ನನ್ನ ಪ್ರಕಾರ ಮುಖ್ಯವಾದದ್ದು. ಕಣ್ಣಳತೆಯ ಇಳಿತ ಯಾರಿಗೆ ಬೇಕು?

ಸಾನ್ ಫ್ರಾನ್ಸಿಸ್ಕೊದ ಎರಡು ಜೋಡಿ ರನ್‌ವೇಗಳಲ್ಲಿ ಪ್ರತಿ ಜೋಡಿಯ ನಡುಗೆರೆಗಳ ಅಂತರ 750 ಅಡಿ ಮಾತ್ರ. ಹವೆ ತಿಳಿಯಾಗಿದ್ದರೆ ಪೈಲಟ್‌ಗಳು ಒಬ್ಬರನ್ನೊಬ್ಬರು ನೋಡಿಕೊಂಡು ಬಹಳ ಕಾಲ ಅಕ್ಕಪಕ್ಕ ಇಳಿಯುತ್ತಿದ್ದರು, ಗಂಟೆಗೆ ಸುಮಾರು 60 ವಿಮಾನ. ಮಂಜು ಬಂದರೆ ಯಂತ್ರದ ನಿಯಮ ಜಾರಿಗೆ ಬರುತ್ತಿತ್ತು, ಲೆಕ್ಕ ಸುಮಾರು 30ಕ್ಕೆ ಇಳಿಯುತ್ತಿತ್ತು. ಪೈಲಟ್‌ನ ಕಣ್ಣು ನಿಲ್ದಾಣಕ್ಕೆ ಇನ್ನೊಂದು ರನ್‌ವೇ ಕಟ್ಟಿಕೊಟ್ಟ ಹಾಗಾಯಿತು, ಅದೂ ಪುಕ್ಕಟೆಯಾಗಿ.

ನಿಯಂತ್ರಕ ಕೇಳುತ್ತಾನೆ: ಮುಂದಿನ ವಿಮಾನ ಕಾಣ್ತಿದೆಯೇ? ಪೈಲಟ್ ‘ಕಾಣ್ತಿದೆ’ ಎನ್ನುತ್ತಾನೆ. ಅಂತರ ಕಾಯ್ದುಕೊಳ್ಳಿ ಎಂದು ನಿಯಂತ್ರಕ ಹೇಳಿದ ಕ್ಷಣದಿಂದ ಡಿಕ್ಕಿ ತಪ್ಪಿಸುವ ಹೊಣೆ, ಮುಂದಿನ ವಿಮಾನದ ಗಾಳಿಸುಳಿ ತಪ್ಪಿಸುವ ಹೊಣೆ, ಎರಡೂ ಪೈಲಟ್‌ನದು. ಬಾಯಿಮಾತಿನಲ್ಲಿ ಸಾಲಪತ್ರ ಬರೆದುಕೊಟ್ಟಂತೆ. 1978ರ ಸೆಪ್ಟೆಂಬರ್ 25ರಂದು ಸಾನ್ ಡಿಯಾಗೊದಲ್ಲಿ ಪಿಎಸ್ಎ 182ರ ಪೈಲಟ್‌ಗಳಿಗೆ ಒಂದು ಪುಟ್ಟ ಸೆಸ್ನಾ ಕಂಡಿತ್ತು, ಆಮೇಲೆ ಕಣ್ತಪ್ಪಿತು. ಅದು ದಾಟಿಹೋಗಿರಬೇಕು ಎಂದುಕೊಂಡರು. ಅದು ಅವರ ಮುಂದೆಯೇ ಕೆಳಗಿತ್ತು. ಆಕಾಶದಲ್ಲೂ ನೆಲದಲ್ಲೂ ಸೇರಿ 144 ಜನ ಸತ್ತರು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಜೆಟ್‌ಗೆ ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತಾಗ, ಕಣ್ಣಿನಿಂದ ಅಂತರ ಕಾಯುತ್ತೇವೆ ಎಂದು ಒಪ್ಪಿಕೊಂಡಿದ್ದವರು ಹೆಲಿಕಾಪ್ಟರಿನವರು. ಅಲ್ಲಿ ಜೆಟ್‌ನವರ ಪಾಲಿಗೆ ಬಂದದ್ದು ಇನ್ನೊಬ್ಬರ ಕಣ್ಣಿನ ತಪ್ಪು. ನಡುವೆ ನಲವತ್ತಾರು ವರ್ಷ ಕಳೆದಿದ್ದವು.

ಮತ್ತೆ ಸಾನ್ ಫ್ರಾನ್ಸಿಸ್ಕೊಗೆ ಬರೋಣ. 2017ರ ಜುಲೈ 7, ಮಧ್ಯರಾತ್ರಿಗೆ ಕೆಲವೇ ನಿಮಿಷ ಮೊದಲು. ಟೊರೊಂಟೊದಿಂದ ಬಂದ ಏರ್ ಕೆನಡಾ 759ರ ಪೈಲಟ್‌ಗಳ ದೇಹದ ಗಡಿಯಾರದಲ್ಲಿ ಆಗ ಬೆಳಗಿನ ಜಾವ ಮೂರು. ಎಡಗಡೆಯ ರನ್‌ವೇ ಮುಚ್ಚಿತ್ತು, ದೀಪ ಆರಿತ್ತು. ಆ ಸೂಚನೆ ಅವರಿಗೆ ಕೊಟ್ಟಿದ್ದ ಕಾಗದದ ಕಟ್ಟಿನಲ್ಲಿ ಎಲ್ಲೋ ಹೂತುಹೋಗಿತ್ತು. ಎರಡು ರನ್‌ವೇ ಇರಬೇಕು ಎಂದುಕೊಂಡ ಕಣ್ಣಿಗೆ ಎರಡು ದೀಪಸಾಲು ಕಂಡವು: ಎಡದ್ದು ಅವರು ಇಳಿಯಬೇಕಿದ್ದ ರನ್‌ವೇ, ಬಲದ್ದು ಅದಕ್ಕೆ ಸಮಾನಾಂತರದ ಟ್ಯಾಕ್ಸಿವೇ. ಬಲದ್ದನ್ನೇ ರನ್‌ವೇ ಎಂದುಕೊಂಡರು. ಅಲ್ಲಿ ನಾಲ್ಕು ವಿಮಾನಗಳು ಸರದಿಯಲ್ಲಿ ನಿಂತಿದ್ದವು. ಅನುಮಾನ ಬಂದು, ರನ್‌ವೇ ಮೇಲೆ ದೀಪಗಳು ಕಾಣುತ್ತಿವೆಯಲ್ಲ ಎಂದು ನಿಯಂತ್ರಕನನ್ನು ಕೇಳಿದರು. ರನ್‌ವೇ ಮೇಲೆ ನೀವಲ್ಲದೆ ಯಾರೂ ಇಲ್ಲ ಎಂಬ ಉತ್ತರ ಬಂತು. ಉತ್ತರ ನಿಜವೇ, ರನ್‌ವೇ ಖಾಲಿಯಿತ್ತು. ನೆಲದ ಮೇಲಿದ್ದ ಒಬ್ಬ ಪೈಲಟ್ ರೇಡಿಯೊದಲ್ಲಿ ಎಚ್ಚರಿಸಿದ, ಇವರೂ ಅದೇ ಹೊತ್ತಿಗೆ ಮೇಲೆತ್ತಿದರು. ಅತಿ ಕಡಿಮೆ ಎತ್ತರ ಸುಮಾರು 60 ಅಡಿ. ಅಲ್ಲಿ ನಿಂತಿದ್ದ ಬೋಯಿಂಗ್ 787ರ ಬಾಲದ ಎತ್ತರವೇ 55 ಅಡಿ ದಾಟುತ್ತದೆ. ಐದು ವಿಮಾನಗಳಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ದಿಕ್ಕು ತೋರುವ ಐಎಲ್ಎಸ್ ಕಿರಣವನ್ನು ಆ ಅಪ್ರೋಚ್‌ಗೆ ಕೈಯಾರೆ ಹೊಂದಿಸಬೇಕಿತ್ತು, ಹೊಂದಿಸಿರಲಿಲ್ಲ. ಆ ಏರ್‌ಲೈನಿನ ಎ320 ವಿಮಾನಗಳ ಪಟ್ಟಿಯಲ್ಲಿ ಹಾಗೆ ಕೈಯಾರೆ ಹೊಂದಿಸಬೇಕಾದ ಅಪ್ರೋಚ್ ಅದೊಂದೇ.

ಸಂಬಳ ತಗೊಳ್ಳುವುದೇ ಇದಕ್ಕಲ್ಲವೇ, ಕಣ್ಣಿಂದ ನೋಡಿ ಇಳಿಸಲಾರದವನು ಎಂಥ ಪೈಲಟ್ ಎಂದು ಸಭೆಯಲ್ಲಿ ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ನಾನು ಆ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಯಂತ್ರ ಕೈಕೊಟ್ಟ ದಿನ ಉಳಿಯುವುದು ಕಣ್ಣು ಮತ್ತು ಕೈ. ಹಾಂಗ್‌ಕಾಂಗ್‌ನ ಹಳೆಯ ಕೈ ಟಾಕ್ ನಿಲ್ದಾಣದಲ್ಲಿ ಗುಡ್ಡದ ಮೇಲೆ ಬರೆದ ಚೌಕಳಿ ಗುರುತಿನತ್ತ ಹಾರಿ, ಅದು ಕಂಡ ಮೇಲೆ ಮನೆಗಳ ಮೇಲೆಯೇ ಬಲಕ್ಕೆ ಹೊರಳಿ 747 ವಿಮಾನಗಳು ಇಳಿಯುತ್ತಿದ್ದವು, 1998ರ ಜುಲೈನಲ್ಲಿ ಅದು ಮುಚ್ಚುವವರೆಗೂ. ಭೂತಾನದ ಪಾರೊದಲ್ಲಿ ಇವತ್ತಿಗೂ ಕಣಿವೆಯ ನಡುವೆ ಕಣ್ಣಿನಿಂದಲೇ ಇಳಿಯಬೇಕು. ಆದರೆ ಆ ಎರಡೂ ಕಡೆ ಕಷ್ಟವನ್ನು ಕಷ್ಟ ಎಂದೇ ಕರೆದರು. ವಿಶೇಷ ತರಬೇತಿ ಇಲ್ಲದವರಿಗೆ ಪಾರೊ ಸಿಗುವುದಿಲ್ಲ. ಸಾನ್ ಫ್ರಾನ್ಸಿಸ್ಕೊದಲ್ಲಿ ಅದೇ ಕೌಶಲವನ್ನು ತಿಳಿಬಿಸಿಲಿನ ಸಾಮಾನ್ಯ ಕೆಲಸವೆಂದು ಕೇಳಿದರು. ಕೈಯಿಂದ ಹಾರಿಸುವುದನ್ನು ಪ್ರೋತ್ಸಾಹಿಸದ ಏರ್‌ಲೈನುಗಳು ಆ ಬೇಡಿಕೆಗೆ ತಲೆಯಾಡಿಸಿದವು. ಏಷಿಯಾನಾ ಅಪಘಾತಕ್ಕೆ ಆರು ತಿಂಗಳ ಮೊದಲೇ, 2013ರ ಜನವರಿಯಲ್ಲಿ, ಪೈಲಟ್‌ಗಳಿಗೆ ಕೈಯಿಂದ ಹಾರಿಸಲು ಹೆಚ್ಚು ಅವಕಾಶ ಕೊಡಿ ಎಂದು ಅಮೆರಿಕದ ವಿಮಾನಯಾನ ಆಡಳಿತ ಎಲ್ಲ ಏರ್‌ಲೈನುಗಳಿಗೂ ಪತ್ರ ಬರೆದಿತ್ತು. ಬೇಡಿಕೆ ಅನ್ಯಾಯವಲ್ಲ. ಬೇಡಿಕೆಗೆ ತಕ್ಕ ಅಭ್ಯಾಸ ಕೊಡದೆ, ಬೇಡವೆನ್ನುವವನಿಗೆ ದಂಡ ಹಾಕುವುದು ಅನ್ಯಾಯ.

ದಂಡ ಎಂದದ್ದು ಉತ್ಪ್ರೇಕ್ಷೆಯಲ್ಲ. 2023ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಿಂದ ಸಾನ್ ಫ್ರಾನ್ಸಿಸ್ಕೊಗೆ ಬಂದ ಲುಫ್ತಾನ್ಸಾ ವಿಮಾನದ ಪೈಲಟ್, ರಾತ್ರಿ ಹೊತ್ತು ಕಣ್ಣಿನಿಂದ ಅಂತರ ಕಾಯುವುದು ನಮ್ಮ ಕಂಪನಿಯ ನಿಯಮಕ್ಕೆ ವಿರುದ್ಧ, ಐಎಲ್ಎಸ್ ಕೊಡಿ ಎಂದರು. ಸರದಿಯ ನಡುವೆ ಅಷ್ಟು ಜಾಗ ಮಾಡಿಕೊಡಲು ನಿಯಂತ್ರಕರಿಗೆ ಕಷ್ಟವಾಯಿತು. ವಿಮಾನ ಸುತ್ತು ಹಾಕಿತು, ಕಾಯಿತು, ಕೊನೆಗೆ ಕೊಲ್ಲಿಯ ಆಚೆ ದಡದ ಓಕ್ಲ್ಯಾಂಡ್‌ಗೆ ಹೋಗಿ ಇಳಿಯಿತು. ನಿಯಂತ್ರಕರನ್ನು ನಾನು ದೂರುವುದಿಲ್ಲ, ಅವರ ಪರದೆಯ ಮೇಲೂ ಸಾಲು ಬೆಳೆಯುತ್ತಿತ್ತು. ಆದರೆ ಕಾಗದದ ಮೇಲೆ ಇರುವ ‘ಬೇಡ’ ಎನ್ನುವ ಹಕ್ಕು ಗಾಳಿಯಲ್ಲಿ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಯ ಭಾಗ, ನಮ್ಮ ಮನೆಯಂಗಳದ್ದು. 2023ರಲ್ಲಿ ಶಿವಮೊಗ್ಗದ ನಿಲ್ದಾಣದಿಂದ ವಿಮಾನ ಹಾರಾಟ ಶುರುವಾದಾಗ ಅಲ್ಲಿ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ. ಮಲೆನಾಡಿನ ಮಂಜು, ಮಳೆ ಬಂದರೆ ವಿಮಾನ ತಡವಾಗುತ್ತಿತ್ತು ಅಥವಾ ರದ್ದಾಗುತ್ತಿತ್ತು. ನಿಯಮದ ಭಾಷೆಯಲ್ಲಿ ಹೀಗೆ ಹಗಲನ್ನೂ ತಿಳಿ ಹವೆಯನ್ನೂ ನಂಬಿ ಹಾರುವುದು ವಿಷುವಲ್ ಅಪ್ರೋಚ್‌ಗಿಂತ ಬೇರೆ ವರ್ಗ, ಆದರೆ ನೆಚ್ಚಿಕೆ ಅದೇ ಕಣ್ಣಿನ ಮೇಲೆ. ವಿಮಾನ ರದ್ದಾದಾಗ ಬಯ್ಯುವವರು ಪೈಲಟ್‌ನನ್ನಾಗಲಿ ಮಂಜನ್ನಾಗಲಿ ಬಯ್ಯುವ ಬದಲು, ನಿಲ್ದಾಣಕ್ಕೆ ಇಳಿಜಾರಿನ ಮಾರ್ಗದರ್ಶನ ಯಾಕಿಲ್ಲ ಎಂದು ಕೇಳಬೇಕು. ಈಗ ಅದಕ್ಕೆ ನೆಲದ ಮೇಲೆ ದುಬಾರಿ ಯಂತ್ರ ನೆಡಲೇಬೇಕೆಂದಿಲ್ಲ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ಗಗನ್ ವ್ಯವಸ್ಥೆ ಉಪಗ್ರಹದಿಂದಲೇ ಎಡಬಲವನ್ನೂ ಮೇಲುಕೆಳಗನ್ನೂ ತೋರಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಇರುವುದು ಇಲ್ಲೇ, ಕುಂದಲಹಳ್ಳಿಯಲ್ಲಿ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಒಂದು ಎಟಿಆರ್ ಅದನ್ನು ನಂಬಿ ಇಳಿದು ತೋರಿಸಿತು. ಬಿಸಿಲಿದ್ದರೂ ಆ ಗೆರೆ ಪೈಲಟ್‌ನ ಪರದೆಯ ಮೇಲಿರಲಿ. ಕಣ್ಣು ತಪ್ಪು ಹೇಳಿದಾಗ ‘ಅಲ್ಲ’ ಎನ್ನಲು ಇನ್ನೊಂದು ಸಾಕ್ಷಿ ಬೇಕು. ಏರ್‌ಲೈನುಗಳು ಕೈಯಿಂದ ಇಳಿಸುವ ಅಭ್ಯಾಸವನ್ನು ಪರೀಕ್ಷೆಯ ದಿನಕ್ಕೆ ಮಾತ್ರ ಮೀಸಲಿಡದೆ ದಿನದ ಹಾರಾಟಕ್ಕೆ ತರಲಿ. ನಿಲ್ದಾಣಗಳು ಗಂಟೆಗೆ ಎಷ್ಟು ವಿಮಾನ ಎಂದು ಲೆಕ್ಕ ಹಾಕುವಾಗ, ‘ಆಗದು’ ಎನ್ನುವ ಒಬ್ಬಿಬ್ಬರಿಗೆ ಸರದಿಯಲ್ಲಿ ಜಾಗ ಇಟ್ಟೇ ಲೆಕ್ಕ ಹಾಕಲಿ.

ಇನ್ನೊಂದು ಕೋರಿಕೆ ನಿಮ್ಮಲ್ಲಿ. ಇಳಿತ ಹದ ತಪ್ಪಿದರೆ ಮೇಲೆತ್ತಿ ಇನ್ನೊಂದು ಸುತ್ತು ಬರಬೇಕೆಂಬುದು ಎಲ್ಲ ಏರ್‌ಲೈನುಗಳ ನಿಯಮ. ಫ್ಲೈಟ್ ಸೇಫ್ಟಿ ಫೌಂಡೇಶನ್ ಅಧ್ಯಯನದ ಪ್ರಕಾರ ಹಾಗೆ ಹದ ತಪ್ಪಿದ ಇಳಿತಗಳಲ್ಲಿ ಮೇಲೆತ್ತುವವರು ನೂರಕ್ಕೆ ಮೂರು ಮಾತ್ರ. ಉಳಿದವರ ಕೈಯನ್ನು ತಡೆಯುವ ಕಾರಣಗಳಲ್ಲಿ ಹಿಂದಿನ ಸೀಟುಗಳ ಗೊಣಗಾಟವೂ ಒಂದು ಎಂದೇ ನನ್ನ ಅನುಮಾನ. ಮುಂದಿನ ಸಲ ದೇವನಹಳ್ಳಿಯಲ್ಲಿ ಚಕ್ರ ನೆಲ ಮುಟ್ಟುವ ಹೊತ್ತಿಗೆ ವಿಮಾನ ಗರ್ಜಿಸಿ ಮತ್ತೆ ಮೇಲೇರಿದರೆ ಗಡಿಯಾರ ನೋಡಬೇಡಿ. ಇಳಿದ ಮೇಲೆ ಕಾಕ್‌ಪಿಟ್ ಬಾಗಿಲು ತೆರೆದಿದ್ದರೆ, ಒಳಗಿರುವವರಿಗೆ ಕೈಮುಗಿದು ಹೋಗಿ.